ಆಯಿಯ ಅಂಜಿಕೆ

ಅಫಜಲಪುರ ತಾಲ್ಲೂಕಿನ ನಮ್ಮೂರಲ್ಲಿ ಲಿಂಗಾಯತರು ತೀರಿಕೊಂಡರೆ ಲಿಂಗೈಕ್ಯರಾದರು ಎನ್ನುತ್ತಾರೆ. ನಮ್ಮ ಮೆಥೋಡಿಸ್ಟ್ ಮನೆಗಳಲ್ಲಿ ಕರ್ತನಲ್ಲಿ ನಿದ್ರೆಹೋದರು ಎನ್ನುತ್ತೇವೆ. ಸಾವು ಎಂಬ ಪದ ಎರಡರಲ್ಲೂ ಇಲ್ಲ.

ಭಾನುವಾರ ಚರ್ಚು ತಪ್ಪಿಸದ ನಮ್ಮ ಆಯಿ ಕೊನೆಯ ವಾರ ನನ್ನ ಕೈ ಹಿಡಿದು, "ತಮ್ಮಾ, ನನಗ ಅಂಜಿಕಿ ಬರ್ಲಿಕತ್ತದ" ಅಂದಳು. ಜೇವರ್ಗಿಯಿಂದ ಬಂದಿದ್ದ ಸೋದರಮಾವನಿಗೆ ಮುಜುಗರವಾಯಿತು. "ಅವ್ವಾ, ನಂಬಿಕಿ ಇದ್ದವ್ರು ಅಂಜಬಾರ್ದು" ಎಂದ. ಆಯಿ ಮತ್ತೆ ಆ ಮಾತು ಎತ್ತಲಿಲ್ಲ.

ತತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುವ ನಾನು ಸಾಕ್ರೆಟಿಸನ ಸಾವನ್ನು ಎಷ್ಟೋ ಸಲ ಓದಿದ್ದೇನೆ. ಕ್ರಿ.ಪೂ. 399ರಲ್ಲಿ ಅವನು ನಡುಗದೆ ವಿಷ ಕುಡಿದ, ಅಳುವ ಗೆಳೆಯರನ್ನು ಗದರಿದ ಎಂದು ಪ್ಲೇಟೋ ಬರೆಯುತ್ತಾನೆ. ಯೇಸು ಹಾಗಿರಲಿಲ್ಲ. ಗೆತ್ಸೇಮನೆ ತೋಟದಲ್ಲಿ ಆತ ದಿಗಿಲುಬಿದ್ದ, ನೆಲಕ್ಕೆ ಬಿದ್ದು ಬರುವುದು ತಪ್ಪಲೆಂದು ಬೇಡಿಕೊಂಡ. ಎಚ್ಚರವಾಗಿರಿ ಎಂದು ಮೂವರು ಶಿಷ್ಯರನ್ನು ಕೇಳಿಕೊಂಡ. ಅವರು ಮಲಗಿಬಿಟ್ಟರು. ಮಾರ್ಕನ ಸುವಾರ್ತೆ ಇದನ್ನೆಲ್ಲ ಮುಚ್ಚಿಟ್ಟಿಲ್ಲ.

ಅಂಜುವುದೇ ಅವಿಶ್ವಾಸವಾದರೆ ಆ ರಾತ್ರಿಯ ಯೇಸುವನ್ನು ಏನೆನ್ನಬೇಕು? ಪುನರುತ್ಥಾನದ ಭರವಸೆ ಈಸ್ಟರಿನದು; ಆತ ಅಂಜಿದ್ದು ಗುರುವಾರ ರಾತ್ರಿ. ನಡುವಿನ ದಿನಗಳನ್ನು ದಾಟಿಸಿಬಿಡುವ ಅವಸರ ನಮಗೆ, ಬದುಕಿ ಉಳಿಯುವವರಿಗೆ. ಅದನ್ನು ಸಮಾಧಾನ ಎಂದು ಕರೆಯುತ್ತೇವೆ.

ಮಾವನನ್ನೇ ದೂರುವುದು ಸುಲಭ. ಮರುದಿನ ಅಧ್ಯಾಯವೊಂದನ್ನು ಒಪ್ಪಿಸಬೇಕೆಂದು ನಾನು ಸಂಜೆಯ ಬಸ್ಸಿಗೆ ಕಲಬುರಗಿಗೆ ಹೊರಟಿದ್ದೆ. ಅಧ್ಯಾಯದ ವಿಷಯ ಮರಣಭಯ. ಆ ರಾತ್ರಿ ಆಳಂದದ ಚಿಕ್ಕಮ್ಮ ಒಬ್ಬಳೇ, ಏನೂ ಹೇಳದೆ, ಆಯಿಯ ಕಾಲೊತ್ತುತ್ತ ಬೆಳಗಿನ ತನಕ ಕೂತಿದ್ದಳಂತೆ.