ತಳಪಾಯದ ಕೆಳಗಿನ ಋಣ

ಹೆಸರು ತಿಳಿಯದ, ಸತ್ತು ಸಾವಿರಾರು ವರ್ಷ ಕಳೆದ ಜನಕ್ಕೆ ನಾವು ಏನಾದರೂ ಸಲ್ಲಿಸಬೇಕಾದುದು ಉಂಟೆ? ಮೇಲ್ನೋಟಕ್ಕೆ ಇದು ಬಿಡುವಿದ್ದವರ ಪ್ರಶ್ನೆ. ಆದರೆ ಮನೆ ಕಟ್ಟಲು ಹೊರಟ ಗುಮಾಸ್ತನ ಎದುರಿಗೂ ಅದು ಒಂದು ಬೆಳಿಗ್ಗೆ ಬಂದು ನಿಲ್ಲಬಹುದು. ನನ್ನೆದುರು ಬಂದು ನಿಂತಿತ್ತು. ನಾನು ಮುಖ ತಿರುಗಿಸಿದೆ. ಮೊದಲು ಆ ಕಥೆಯನ್ನೇ ಹೇಳಿಬಿಡುತ್ತೇನೆ.

2014ರಲ್ಲಿ, ಚೆನ್ನೈಯ ತಾಂಬರದಾಚೆ ಕೊಂಡಿದ್ದ ಸಣ್ಣ ನಿವೇಶನದಲ್ಲಿ ಪಾಯ ತೋಡಿಸುತ್ತಿದ್ದೆ. ನಾಲ್ಕೈದು ಅಡಿ ಆಳದಲ್ಲಿ ಗುದ್ದಲಿಗೆ ಬೋಕಿಗಳು ಸಿಕ್ಕವು. ಕೆಲವು ಒಳಗೆ ಕಪ್ಪು, ಹೊರಗೆ ಕೆಂಪು. ಜೊತೆಗೆ ಗೇಣುದ್ದದ, ಮಣ್ಣಿನಲ್ಲಿ ಮಾಡಿ ಸುಟ್ಟ ಕಾಲಿನಂಥ ನಾಲ್ಕೈದು ತುಂಡುಗಳು. ಮೇಸ್ತ್ರಿ ನನ್ನ ಮುಖ ನೋಡಿದ. "ಸಾರ್, ಹೊರಗೆ ಗೊತ್ತಾದರೆ ಕೆಲಸ ನಿಲ್ಲಿಸುತ್ತಾರೆ. ಬೇಗ ಕಾಂಕ್ರೀಟು ಹಾಕಿಬಿಡೋಣ" ಎಂದ. ನನ್ನ ಹೆಂಡತಿ ಮಾತ್ರ, "ಏನ್ರೀ, ಯಾರದೋ ಗೋರಿ ಇರಬಹುದಲ್ವಾ?" ಎಂದಳು. "ಒಡೆದ ಗಡಿಗೆ ಕಣೇ, ಅಷ್ಟೆ" ಎಂದೆ. ಒಂದು ಕಡೆ ಮನೆ ಬಾಡಿಗೆ, ಇನ್ನೊಂದು ಕಡೆ ಗೃಹನಿರ್ಮಾಣ ಮುಂಗಡದ ಕಂತು. ಸಂಜೆಯ ಹೊತ್ತಿಗೆ ಕಾಂಕ್ರೀಟು ಬಿದ್ದಾಗಿತ್ತು.

ಎರಡು ವರ್ಷದ ಬಳಿಕ ಊರಿನಿಂದ ಬಂದ ನೆಂಟರನ್ನು ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕಬ್ಬಿಣ ಯುಗದ ಮಣ್ಣಿನ ಶವಪೆಟ್ಟಿಗೆಯೊಂದು ಕಣ್ಣಿಗೆ ಬಿತ್ತು. ತೊಟ್ಟಿಯಂಥ ಆಕಾರ, ಅಡಿಯಲ್ಲಿ ಸಾಲಾಗಿ ಗಿಡ್ಡ ಕಾಲುಗಳು. ಆ ಕಾಲುಗಳು ನನಗೆ ಪರಿಚಿತವಾಗಿದ್ದವು. ನಾವು ದಿನವೂ ಊಟಕ್ಕೆ ಕೂರುವ ಕೋಣೆಯ ಕೆಳಗೆ ಏನಿದ್ದಿರಬಹುದೆಂದು ಅಂದು ಹೊಳೆಯಿತು. ನೆಂಟರಿಗೆ ಏನೂ ಹೇಳಲಿಲ್ಲ.

ಇದರಲ್ಲಿ ತಪ್ಪೇನು? ಬದುಕಿರುವವರಿಗೆ ಸೂರು ಬೇಕು, ಸತ್ತವರಿಗೆ ಬೇಡ. ಈ ವಾದ ಹಗುರವಾದುದಲ್ಲ. ಕಟ್ಟಡವೇ ಪ್ರಾಚೀನತೆಯ ಶತ್ರು ಎನ್ನುವುದೂ ಸರಿಯಲ್ಲ. 1863ರ ಮೇ 30ರಂದು ಪಲ್ಲಾವರದಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಎಂಬ ಅಧಿಕಾರಿಗೆ ಹಳೆಯ ಶಿಲಾಯುಗದ ಕೈಗೊಡಲಿ ಸಿಕ್ಕಿದ್ದು ಜಲ್ಲಿಗಾಗಿ ತೋಡಿದ್ದ ಗುಂಡಿಯಲ್ಲಿ. ಅದೇ ವರ್ಷ ಅವನೂ ಅವನ ಸಹೋದ್ಯೋಗಿ ಕಿಂಗನೂ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಉಪಕರಣಗಳನ್ನು ಕಂಡರು. ಆ ನೆಲೆಯ ಉಪಕರಣಗಳು ಸುಮಾರು 15 ಲಕ್ಷ ವರ್ಷದಷ್ಟು ಹಳೆಯವೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗುಂಡಿ ತೋಡಿದವರು ತಪ್ಪು ಮಾಡಲಿಲ್ಲ. ಗುಂಡಿಯ ಬಳಿ ಬಗ್ಗಿ ನೋಡುವ ಒಬ್ಬ ಮನುಷ್ಯನಿದ್ದ, ಅಷ್ಟೆ. ನನ್ನ ಗುಂಡಿಯ ಬಳಿಯೂ ಒಬ್ಬ ಬಿ.ಎಸ್ಸಿ. ಪದವೀಧರನಿದ್ದ, ಅವನು ಬಗ್ಗಲಿಲ್ಲ.

ಕಟ್ಟುವ ಮುನ್ನ ನೆಲವನ್ನು ಪರೀಕ್ಷಿಸುವುದೆಂದರೆ ಕಟ್ಟುವುದನ್ನು ನಿಲ್ಲಿಸುವುದಲ್ಲ. ಅಲ್ಲಲ್ಲಿ ಸಣ್ಣ ಗುಂಡಿ ತೋಡಿ, ಮಣ್ಣನ್ನು ಪದರ ಪದರವಾಗಿ ತೆಗೆದು, ಜರಡಿ ಹಿಡಿದು, ಸಿಕ್ಕಿದ್ದು ಯಾವ ಆಳದಲ್ಲಿ, ಯಾವುದರ ಪಕ್ಕದಲ್ಲಿ ಎಂದು ಬರೆದಿಡುತ್ತಾರೆ. ಏನೂ ಸಿಗದಿದ್ದರೆ ಜಾಗ ಬಿಟ್ಟುಕೊಡುತ್ತಾರೆ. ನಮ್ಮ ಕಚೇರಿಗಳಲ್ಲಿ ಹಳೆಯ ಕಡತವನ್ನು ನಾಶಮಾಡುವ ಮುನ್ನ ಪಟ್ಟಿ ಮಾಡಿ ಮೇಲಿನವರ ಸಹಿ ಪಡೆಯುವುದಿಲ್ಲವೆ? ಅಗೆತವೂ ಒಂದು ಬಗೆಯ ನಾಶವೇ. ಅಗೆದ ನೆಲವನ್ನು ಮತ್ತೆ ಅಗೆಯಲಾಗದು. ಆದರೆ ಓದಿ ಹರಿಯುವುದಕ್ಕೂ ಓದದೆ ಹರಿಯುವುದಕ್ಕೂ ವ್ಯತ್ಯಾಸವಿದೆ. ಅಕ್ಷರ ಬಾರದ ಆ ಜನ ಬಿಟ್ಟುಹೋದ ಏಕೈಕ ಕಡತ ಈ ಮಣ್ಣು.

ನಾಗಾರ್ಜುನಸಾಗರ ಅಣೆಕಟ್ಟಿನ ನೀರು ಕಣಿವೆಯನ್ನು ತುಂಬುವ ಮುನ್ನ, 1954ರಿಂದ 1960ರವರೆಗೆ ನಾಗಾರ್ಜುನಕೊಂಡದಲ್ಲಿ ಅಗೆತ ನಡೆಯಿತು. ಶಿಲಾಯುಗದಿಂದ ಮಧ್ಯಯುಗದವರೆಗಿನ ಕುರುಹುಗಳು ದೊರೆತವು. ಆಯ್ದ ಅವಶೇಷಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿದರು; ಇಂದು ಆ ಬೆಟ್ಟ ನೀರಿನ ನಡುವಿನ ದ್ವೀಪ. ಅಣೆಕಟ್ಟು ನಿಲ್ಲಲಿಲ್ಲ, ಗದ್ದೆಗಳಿಗೆ ನೀರು ಹರಿಯಿತು. ಕಣಿವೆ ಮುಳುಗಿತು, ಆದರೆ ಓದದೆ ಮುಳುಗಲಿಲ್ಲ.

ಆದರೆ ಅದು ಸರ್ಕಾರದ ಕೆಲಸ, ಸರ್ಕಾರದ ಹಣ. ಬಡವನ ಮೂವತ್ತು-ನಲವತ್ತರ ನಿವೇಶನಕ್ಕೆ ಯಾರು ಗತಿ? 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅದರಾಚೆ 200 ಮೀಟರಿನವರೆಗೆ ಅನುಮತಿ ಬೇಕು. ಅಂಥ ಕಡೆ ಜಾಗವಿರುವ ಸಂಸಾರವಂದಿಗನ ಸಂಕಟ ಸುಳ್ಳಲ್ಲ. ನಿಜ ಹೇಳಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಮನೆ ಎಂಬ ಏರ್ಪಾಡಿದ್ದರೆ ಜನ ಮುಚ್ಚಿಡುವುದನ್ನೇ ಕಲಿಯುತ್ತಾರೆ. ಜಪಾನಿನಲ್ಲಿ ಭೂಗತ ಅವಶೇಷಗಳಿವೆಯೆಂದು ಗೊತ್ತಿರುವ ನೆಲದಲ್ಲಿ ಕಟ್ಟುವವರು 60 ದಿನ ಮೊದಲೇ ತಿಳಿಸಬೇಕು. ಇಂಥ ಗಡುವು ಇಲ್ಲಿಯೂ ಇದ್ದು, ಚಿಕ್ಕವರ ಪರೀಕ್ಷೆಯ ಖರ್ಚನ್ನು ಸಮಾಜ ಹೊರುವುದು ನ್ಯಾಯ. ಎಲ್ಲರಿಗೂ ಸೇರಿದ ಲಾಭದ ಬೆಲೆಯನ್ನು ಒಬ್ಬನೇ ತೆರುವುದು ಧರ್ಮವಲ್ಲ.

ಹಾಗೆಂದು ನಾನು ಪಾರಾಗುವುದಿಲ್ಲ. ನನ್ನ ನಿವೇಶನದ ಸುತ್ತ ಯಾವ ಸಂರಕ್ಷಿತ ಸ್ಮಾರಕವೂ ಇರಲಿಲ್ಲ. ನಾನು ಯಾರನ್ನೂ ಕೇಳಲೇ ಇಲ್ಲ. 1878ರ ನಿಧಿ ಕಾನೂನು ಹತ್ತು ರೂಪಾಯಿ ಬೆಲೆ ಮೀರಿದ ವಸ್ತು ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆನ್ನುತ್ತದೆ. ಬೋಕಿಗೆ ಯಾರು ಹತ್ತು ರೂಪಾಯಿ ಕೊಟ್ಟಾರು? ಕಾನೂನು ಕೈಬಿಟ್ಟ ಜಾಗದಲ್ಲೇ ಮನಸ್ಸಾಕ್ಷಿಯ ಕೆಲಸ ಶುರುವಾಗುವುದು.

ಇನ್ನೊಂದು ಸಮಾಧಾನವನ್ನೂ ಹೇಳಿಕೊಂಡಿದ್ದೆ: ನಾನು ಹೊರಗಿನವನು, ಈ ಮಣ್ಣಿನ ಹಳಬರು ನನಗೇನಾಗಬೇಕು? ಆದರೆ ಅಂಥದೇ ಕಪ್ಪು-ಕೆಂಪು ಮಡಕೆಗಳು 1947ರಲ್ಲಿ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ತೆಗೆದ ಗೋರಿಗಳಲ್ಲೂ ದೊರೆತಿವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಆ ಯುಗದ ಕಲ್ಲುಮನೆಗಳು ಇಂದಿಗೂ ನಿಂತಿವೆ. ಆ ಕಾಲದವರಿಗೆ ನಮ್ಮ ರಾಜ್ಯಗಳ ಗಡಿ ತಿಳಿಯದು. ಊರು ಬಿಟ್ಟು ಬಂದ ನಾವು, ನಮ್ಮ ಹಿರಿಯರ ಕುರುಹನ್ನು ಅಲ್ಲಿ ಯಾರಾದರೂ ಜೋಪಾನ ಮಾಡಲೆಂದು ಬಯಸುತ್ತೇವೆ. ಇಲ್ಲಿಯವರ ಹಿರಿಯರ ಬಗ್ಗೆ ಅದೇ ಜೋಪಾನ ನಮ್ಮಿಂದ ಸಲ್ಲಬೇಡವೆ?

ಸತ್ತವರಿಗೆ ನಮ್ಮ ಗೌರವ ಮುಟ್ಟುವುದೋ ಇಲ್ಲವೋ, ಆ ಚರ್ಚೆ ಬೇಡ. ಇನ್ನು ಹುಟ್ಟಲಿರುವವರು ಓದಬೇಕಾದ ಪುಟವೊಂದನ್ನು ನಾನು ಹರಿದೆ. ನನ್ನ ಋಣ ಅವರಿಗೆ. ನಮ್ಮ ಬಳಗದಲ್ಲಿ ನಿವೇಶನ ಕೊಂಡವರು ಅನೇಕರಿದ್ದಾರೆ. ಪಾಯದಲ್ಲಿ ಇಂಥದೇನಾದರೂ ಸಿಕ್ಕರೆ ಒಂದು ದಿನ ಗುದ್ದಲಿ ನಿಲ್ಲಿಸಿ. ಇದ್ದಲ್ಲೇ ಫೋಟೋ ತೆಗೆಯಿರಿ, ಆಳ ಅಳೆದು ಬರೆಯಿರಿ, ಪುರಾತತ್ವ ಇಲಾಖೆಗೆ ಒಂದು ಪತ್ರ ಹಾಕಿ. ಒಂದು ದಿನದ ಕೂಲಿ ನಷ್ಟವಾದೀತು. ನಾನು ಆ ಒಂದು ದಿನದ ಕೂಲಿಯನ್ನು ಉಳಿಸಿದವನು. ಅದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.