ಏನು ಬೇಕು, ಕೇಳು

ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಶಾಸನವೊಂದಿದೆ. ಅದರ ಮೇಲೆ ನಾಯಿಯೊಂದು ಹಂದಿಯೊಡನೆ ಸೆಣಸುತ್ತಿದೆ. 949ರ ತಕ್ಕೋಲಂ ಕಾಳಗದಲ್ಲಿ ಚೋಳರ ವಿರುದ್ಧ ಗೆದ್ದ ಗಂಗ ದೊರೆ ಬೂತುಗ, ತನ್ನ ಯೋಧ ಮಣಲೇರನ ಸಾಹಸಕ್ಕೆ ಮೆಚ್ಚಿ, ಏನು ಬೇಕು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಹಂದಿಯೊಡನೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ನೆಟ್ಟ ಕಲ್ಲಿದು.

ಎಲ್ಲರಿಗೂ ನಾಯಿಯ ಕತೆ ಸೋಜಿಗ. ನನಗೆ ದೊರೆಯ ಪ್ರಶ್ನೆಯೇ ದೊಡ್ಡದು. ತಾನೇ ಊಹಿಸಿ ಕೊಟ್ಟಿದ್ದರೆ ಹೊನ್ನನ್ನೋ ಊರನ್ನೋ ಕೊಡುತ್ತಿದ್ದನೇನೋ, ನಾಯಿ ಹೊಳೆಯುತ್ತಿತ್ತೇ?

ನಮ್ಮ ಹಾಸ್ಟೆಲಿನ ರಾತ್ರಿ ಕಾವಲುಗಾರರು ನಿವೃತ್ತ ಸೈನಿಕರು. ಆಗಸ್ಟ್ 15ರಂದು ಅವರಿಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟಿದೆವು. ಆಮೇಲೊಂದು ರಾತ್ರಿ, “ಏನಾದ್ರೂ ಬೇಕಿತ್ತಾ ಅಂಕಲ್?” ಅಂದೆ. “ಮಂಡಿ ನೋವು ಕಣಮ್ಮ. ಕೂರೋಕೊಂದು ಕುರ್ಚಿ ಹಾಕಿಸಿಕೊಟ್ರೆ ಸಾಕು” ಅಂದರು. ಶಾಲು ಹೊದಿಸಿದ್ದು ಅವರಿಗೋ, ನಮ್ಮ ಸಮಾಧಾನಕ್ಕೋ?

ಮಡಿದವರನ್ನು ಕೇಳಲಾಗದು. ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿಯನ್ನು ನಮ್ಮ ಶಾಸನಗಳು ನೆತ್ತರುಗೊಡಗೆ ಎನ್ನುತ್ತವೆ. ಕೊಟ್ಟದ್ದು ಯಾತಕ್ಕೆಂಬುದನ್ನು ಆ ಹೆಸರು ಮರೆಯಗೊಡುವುದಿಲ್ಲ. ಯುದ್ಧವನ್ನು ಪ್ರಶ್ನಿಸಿದರೆ ಸೈನಿಕರಿಗೆ ಅವಮಾನ ಎನ್ನುವವರಿದ್ದಾರೆ. ನೆತ್ತರಿನ ಬೆಲೆ ಬಲ್ಲವರು, ಈ ಯುದ್ಧ ಬೇಕೇ ಎಂದು ಮೊದಲು ಕೇಳಬೇಕಲ್ಲವೇ? ಸೈನಿಕರ ಪರವಾಗಿರುವುದು ಅಲ್ಲಿಂದಲೇ ಶುರು.

ಕುರ್ಚಿಗೆ ಅರ್ಜಿ ಕೊಟ್ಟಿದ್ದೇವೆ. ಅದು ಬರುವವರೆಗೆ ನನ್ನ ಕೋಣೆಯ ಕುರ್ಚಿ ಗೇಟಿನ ಬಳಿ ಇರುತ್ತದೆ.