ದಯೆಯಿಂದ ಬರೆದ ಡ್ಯೂಟಿ ಪಟ್ಟಿ

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು: ಈ ನಾಲ್ಕರಲ್ಲಿ ಒಂದು ಊರಿನ ಆಸ್ಪತ್ರೆಯ ಪ್ರಕರಣವಿದು. ಯಾವ ಊರೆಂದು ಹೇಳಿದರೆ ಓದುಗರು ವ್ಯಕ್ತಿಗಳನ್ನು ಹುಡುಕುತ್ತಾರೆ, ವಿಷಯವನ್ನು ಬಿಡುತ್ತಾರೆ.

ಅಲ್ಲಿ ಇಬ್ಬರು ಸರ್ಜನ್ನರಿದ್ದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಓದು, ಹುದ್ದೆ, ಸಂಬಳ ಎಲ್ಲವೂ ಒಂದೇ. ಆಕೆ 180 ದಿನಗಳ ಹೆರಿಗೆ ರಜೆ ಮುಗಿಸಿ ಬಂದಾಗ ಮೇಲಧಿಕಾರಿ ರಾತ್ರಿ ಪಾಳಿಯಿಂದ ಆಕೆಯ ಹೆಸರು ತೆಗೆದರು. ‘ಮನ್ಯಾಗ ಸಣ್ಣ ಕೂಸು ಐತಿ, ಯಾಕ ತ್ರಾಸ ತಗೋತೀರಿ ಮೇಡಂ’ ಎಂದರು. ಅದರಲ್ಲಿ ಕಪಟವಿರಲಿಲ್ಲ. ಆಕೆಯೂ ಒಪ್ಪಿದರು. ಆದರೆ ಒಡೆದ ಅಪೆಂಡಿಕ್ಸ್, ತೂತುಬಿದ್ದ ಕರುಳು ಹೆಚ್ಚಾಗಿ ಬರುತ್ತಿದ್ದುದು ರಾತ್ರಿಯೇ. ಹಗಲಿನಲ್ಲಿ ಹರ್ನಿಯಾದ ಗಂಡಸರು ‘ದೊಡ್ಡ ಡಾಕ್ಟರ್ ಎಲ್ಲಿ ಅದಾರ್ರಿ?’ ಎಂದು ಕೇಳಿ ಎದ್ದು ಹೋಗುತ್ತಿದ್ದರು. ಆಕೆಗೆ ಉಳಿದದ್ದು ಸಂತಾನಹರಣ ಚಿಕಿತ್ಸೆಯ ಕ್ಯಾಂಪುಗಳು. ಇತ್ತ ಎಲ್ಲ ರಾತ್ರಿಗಳೂ ಒಬ್ಬರ ಮೇಲೆಯೇ ಬಿದ್ದು ಆ ಪುರುಷ ಸರ್ಜನ್ನರು ಬಳಲಿದರು. ಅವರ ಅಸಮಾಧಾನವೂ ನ್ಯಾಯವಾದದ್ದೇ.

ದೀಪಾವಳಿಯ ನಂತರ ಈ ಸೀಮೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ನಡೆಯುತ್ತವೆ. ಅಂಥದೊಂದು ದಿನ ಹೊಟ್ಟೆಗೆ ಕೊಂಬು ತಿವಿಸಿಕೊಂಡ ಹುಡುಗನನ್ನು ಹೊತ್ತು ತಂದರು. ಪುರುಷ ಸರ್ಜನ್ನರು ರಜೆಯಲ್ಲಿದ್ದರು. ಆಕೆ ಪರೀಕ್ಷಿಸಿ, ರಕ್ತ ಹರಿಯುವುದನ್ನು ತಡೆದು, ಹುಬ್ಬಳ್ಳಿಗೆ ಕಳಿಸಿದರು. ಇಂಥ ಹೊಟ್ಟೆ ತೆರೆದು ಒಂದೂವರೆ ವರ್ಷವಾಗಿತ್ತು; ತನ್ನ ಕೈಯ ಮಿತಿ ಅರಿತು ಕೈಗೊಂಡ ಆ ನಿರ್ಧಾರ ಸರಿಯಾದದ್ದು. ಹುಡುಗ ಬದುಕಿದ. ಊರು ಮಾತ್ರ, ‘ಹೆಣ್ಣು ಸರ್ಜನ್ ಕೈಲೆ ಆಗಲಿಲ್ಲ’ ಎಂದಿತು. ಮುಂದೆ ಜಿಲ್ಲಾ ಮಟ್ಟದ ಹುದ್ದೆಗೆ ದೊಡ್ಡ ಶಸ್ತ್ರಚಿಕಿತ್ಸೆಗಳ ಲೆಕ್ಕ ಕೇಳಿದಾಗ ಆಕೆಯ ರಿಜಿಸ್ಟರು ಬರಿದಾಗಿತ್ತು. ಆಕೆ ರಾಜೀನಾಮೆ ಕೊಟ್ಟರು.

ಇಲ್ಲಿ ಯಾರೂ ನಿಯಮ ಮುರಿಯಲಿಲ್ಲ. ಹೆರಿಗೆ ರಜೆಗೆ ನಿಯಮವುಂಟು. ರಜೆ ಮುಗಿದ ಮರುದಿನ ಕೆಲಸವನ್ನು ಹೇಗೆ ಹಂಚಬೇಕೆಂಬುದು ಒಬ್ಬರ ಮರ್ಜಿಗೆ ಬಿಟ್ಟದ್ದು. ಆ ಮರ್ಜಿ ದಯೆಯಾಗಿ ಬಂದರೂ ಕಸಿಯುವುದನ್ನು ಕಸಿದೇ ತೀರುತ್ತದೆ. ಆಕೆಯದೂ ತಪ್ಪಿದೆ: ಮೊದಲ ತಿಂಗಳು ನೆರವಾಗಿದ್ದ ವಿನಾಯಿತಿ ಆರನೇ ತಿಂಗಳು ಬೇಲಿಯಾಯಿತೆಂದು ಆಕೆಗೆ ತಿಳಿದಿತ್ತು, ಒಂದು ಪತ್ರವನ್ನಾದರೂ ಬರೆಯಬೇಕಿತ್ತು.

ಅದಕ್ಕಿಂತ ದೊಡ್ಡ ತಪ್ಪು ಹೊರರೋಗಿಗಳ ಸಾಲಿನಲ್ಲಿ ನಿಂತ ನಮ್ಮದು. ಕೆನಡಾದ ಒಂಟಾರಿಯೊದಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ, 2023ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಶಸ್ತ್ರಚಿಕಿತ್ಸೆಯಾದ 90 ದಿನಗಳೊಳಗೆ ಸಾವು, ಮರುದಾಖಲಾತಿ ಅಥವಾ ತೊಡಕು ಕಂಡದ್ದು ಪುರುಷ ಸರ್ಜನ್ನರ ರೋಗಿಗಳಲ್ಲಿ ಶೇ. 13.9, ಮಹಿಳೆಯರ ರೋಗಿಗಳಲ್ಲಿ ಶೇ. 12.5. ಗಂಡಸರ ಕೈ ಕೀಳೆಂದು ಇದರ ಅರ್ಥವಲ್ಲ. ‘ದೊಡ್ಡ ಡಾಕ್ಟರ್’ ಯಾರೆಂದು ಮುಖ ನೋಡಿಯೇ ತೀರ್ಮಾನಿಸುವ ನಮ್ಮ ರೂಢಿಗೆ ಆಧಾರವಿಲ್ಲ ಎಂದಷ್ಟೇ. ಆ ರೂಢಿಯಿಂದಲೇ ಒಬ್ಬ ಸರ್ಜನ್ನರ ಕೈಗೆ ಕೆಲಸ ತಪ್ಪಿಸಿದೆವು. ಕೆಲಸ ಬಾರದೆಂದು ಆಡಿಕೊಂಡವರೂ ನಾವೇ.